ಶ್ರೀಮತಿ ಇರಾವತೀಬಾಯಿ ಕರ್ವೆಯವರೂ ನಮ್ಮ ಗಡಿಸೀಮೆಯೂ

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟವರು ತೊರವಿಯನ್ನು ಹಿಂದೆ ಹಾಕಿ ತಿಕೋಟಾವನ್ನು ಮುಟ್ಟುವರು. ಅಲ್ಲಿಂದ ಮುಂದೆ ಒಂದು ಕಡೆಗೆ ಅಥಣಿ, ಇನ್ನೊಂದು ಕಡೆಗೆ ಜತ್ತ. ನೈರುತ್ಯಕ್ಕೆ ನಡೆದವರು ಬಬಲೇಶ್ವರದ ಮೇಲಿಂದ ಜಮಖಂಡಿಯ ಹಾದಿ ಹಿಡಿದು ಕೃಷ್ಣೆಯ ದಂಡೆಗೆ ಇಳಿಯುವರು. ಎರಡು ರಾಜ್ಯಗಳ ನಡುವೆ ಸರಕಾರವು ಗಡಿಯ ಕಲ್ಲನ್ನು ಎಲ್ಲಿ ನೆಟ್ಟಿದೆಯೆಂಬುದನ್ನು ಈ ಸೀಮೆಯ ಕೂಸೂ ಬಲ್ಲದು. ಆದರೆ ಕನ್ನಡವು ಎಲ್ಲಿ ಮುಗಿಯಿತು, ಮರಾಠಿಯು ಎಲ್ಲಿ ಮೊದಲಾಯಿತು ಎಂದು ಕೇಳಿದರೆ ಪಂಡಿತರೂ ತಡವರಿಸುವರು. ಗಡಿಯಾಚೆಯ ಜತ್ತ ತಾಲೂಕಿನ ಎಷ್ಟೋ ಹಳ್ಳಿಗಳ ಮನೆಮಾತು ಇಂದಿಗೂ ಕನ್ನಡವೇ. ಈಚೆಯ ತಿಕೋಟಾದ ಒಕ್ಕಲಿಗನು ದ್ರಾಕ್ಷಿಯ ವ್ಯಾಪಾರಕ್ಕೆ ಸಾಂಗಲಿಯವರೊಡನೆ ಮರಾಠಿಯಲ್ಲಿಯೇ ಮಾತು ಮುಗಿಸುವನು. ಬರಗಾಲದಲ್ಲಿ ಗುಳೆ ಹೋಗುವ ಕೂಲಿಯವರು ಕಬ್ಬು ಕಡಿಯಲು ಕೃಷ್ಣೆಯ ಮೇಲಣ ದಂಡೆಗೂ, ಕಲ್ಲು ಹೊರಲು ಗೋವೆಗೂ ಹೋಗಿ, ಅಲ್ಲಿಯ ನಾಲ್ಕು ಮಾತುಗಳನ್ನು ಕಟ್ಟಿಕೊಂಡು ಮರಳುವರು. ಹೀಗಿರಲು ನಾವು ಯಾರು, ಎಲ್ಲಿಯವರು ಎಂಬ ಪ್ರಶ್ನೆಯು ಇಲ್ಲಿ ಬರಿಯ ಶಾಸ್ತ್ರಚರ್ಚೆಯಾಗಿ ಉಳಿದಿಲ್ಲ. ಶಾಲೆ, ನೀರು, ನೌಕರಿ, ಮದುವೆ ಇವೆಲ್ಲವೂ ಅದಕ್ಕೆ ತೊಡಕಿಕೊಂಡಿವೆ.

ಈ ಪ್ರಶ್ನೆಗೆ ಉತ್ತರ ಹೇಳುವ ಹಕ್ಕನ್ನು ಮೊದಲು ತಮ್ಮದಾಗಿ ಮಾಡಿಕೊಂಡವರು ಆಂಗ್ಲ ಅಧಿಕಾರಿಗಳು. 1884ರಲ್ಲಿ ಮುಂಬಯಿ ಸರಕಾರವು ವಿಜಾಪುರ ಜಿಲ್ಲೆಯ ಗ್ಯಾಝೆಟಿಯರನ್ನು ಹೊರತಂದಿತು. ಜೇಮ್ಸ ಕ್ಯಾಂಪಬೆಲ್ ಸಾಹೇಬರು ಸಂಪಾದಿಸಿದ ಆ ಗ್ರಂಥವು ನಮ್ಮ ಜನರ ಜಾತಿ ಜಾತಿಗೂ ಮೈಕಟ್ಟು, ಉಡಿಗೆ, ಊಟ, ನಡತೆಗಳನ್ನು ಪಟ್ಟಿ ಮಾಡಿತು. 1901ರ ಜನಗಣತಿಯ ಅಧಿಪತಿಯಾಗಿದ್ದ ಹರ್ಬರ್ಟ ರಿಸ್ಲೆಯವರು ಇನ್ನೂ ಮುಂದೆ ಹೋಗಿ, ಮೂಗಿನ ಅಗಲವನ್ನು ಅಳೆದು ಜಾತಿಯ ಮೇಲು ಕೀಳನ್ನು ತಿಳಿಯಬಹುದೆಂದು ಸಾರಿದರು. ಮರಾಠರಿಂದ ಕೊಡಗರವರೆಗಿನ ಪಶ್ಚಿಮ ಭಾರತದ ಜನರು ಶಕರೂ ದ್ರಾವಿಡರೂ ಬೆರೆತು ಆದವರೆಂದು ಅವರ ಸಿದ್ಧಾಂತ. ಮುಂದೆ 1920ರಿಂದ 1922ರ ವರೆಗೆ ಎಂಥೋವೆನ್ ಸಾಹೇಬರು ಮುಂಬಯಿ ಇಲಾಖೆಯ ಜಾತಿ ಪಂಗಡಗಳ ಕುರಿತು ಮೂರು ದೊಡ್ಡ ಸಂಪುಟಗಳನ್ನು ಪ್ರಕಟಿಸಿದರು. ಈ ಅಳತೆಗಳು ಕಪಾಟಿನಲ್ಲಿ ಧೂಳು ತಿನ್ನುತ್ತ ಕುಳಿತಿದ್ದರೆ ನಾವು ಮಾತಾಡಬೇಕಾದ ಕಾರಣವಿರಲಿಲ್ಲ. ಆದರೆ ಅದೇ ಕಾಲದ ಅದೇ ಬುದ್ಧಿಯು 1871ರಲ್ಲಿ ಅಪರಾಧೀ ಜಾತಿಗಳ ಕಾಯಿದೆಯನ್ನು ಹುಟ್ಟಿಸಿತ್ತು. 20ನೆಯ ಶತಮಾನದ ಆದಿಭಾಗದಲ್ಲಿ ವಿಜಾಪುರದಲ್ಲಿಯೂ ಅಂಥ ಜಾತಿಗಳವರಿಗಾಗಿ ಸೆಟ್ಲಮೆಂಟು ನಿರ್ಮಾಣವಾಯಿತು. ತಿರುಗಾಟವೇ ಜೀವನೋಪಾಯವಾಗಿದ್ದ ಜನರು ಹುಟ್ಟಿನಿಂದಲೇ ಕಳ್ಳರೆಂದು ಬರೆಯಲ್ಪಟ್ಟರು. ಆ ಕಾಯಿದೆಯು ರದ್ದಾದುದು 1952ರಲ್ಲಿ. ಅದು ಹಚ್ಚಿದ ಹೆಸರು ಮಾತ್ರ ಬಹುಕಾಲ ಅಳಿಯಲಿಲ್ಲ.

ಈ ಶಾಸ್ತ್ರವನ್ನು ಅದರ ತವರಿನಲ್ಲಿಯೇ ಕಲಿತು, ಅದರ ಕೈವಾರವನ್ನು ಕೈಯಲ್ಲಿ ಹಿಡಿದು, ಅದರ ಗುರುವಿನ ಮುಂದೆಯೇ ಅದರ ಒಂದು ಮುಖ್ಯ ಸಿದ್ಧಾಂತವು ಸುಳ್ಳೆಂದು ತೋರಿಸಿದ ಭಾರತೀಯ ಸ್ತ್ರೀ ಒಬ್ಬರಿದ್ದರು. ಅವರೇ ಶ್ರೀಮತಿ ಇರಾವತೀಬಾಯಿ ಕರ್ವೆಯವರು. ಮಹಾರಾಷ್ಟ್ರದ ವಿದುಷಿಯ ಚರಿತ್ರವನ್ನು ಕನ್ನಡ ಪತ್ರಿಕೆಯು ಏಕೆ ಬರೆಯಬೇಕೆಂದು ಕೆಲವು ಮಿತ್ರರು ಹುಬ್ಬು ಗಂಟಿಕ್ಕಬಹುದು. ಅವರು ಕಡೆಯವರೆಗೆ ಓದಲಿ. ಇರಾವತೀಬಾಯಿಯವರೊಡನೆ ನಮಗೂ ಒಂದು ಜಗಳವುಂಟು, ಅದನ್ನು ಮುಚ್ಚಿಡುವ ಉದ್ದೇಶ ನಮಗಿಲ್ಲ.

ಅವರು ಹುಟ್ಟಿದುದು 1905ನೆಯ ಇಸವಿಯ ಡಿಸೆಂಬರ 15ರಂದು, ಬ್ರಹ್ಮದೇಶದ ಮಿಂಜಾನ್ ಎಂಬ ಊರಿನಲ್ಲಿ. ತಂದೆಯವರಾದ ಗಣೇಶ ಹರಿ ಕರಮರಕರರು ಅಲ್ಲಿ ಹತ್ತಿಯ ಕಂಪನಿಯ ಕೆಲಸದಲ್ಲಿದ್ದರು. ಆ ನಾಡಿನ ಮಹಾನದಿಯಾದ ಐರಾವತಿಯ ಹೆಸರನ್ನೇ ಮಗಳಿಗೆ ಇಟ್ಟರು. ಜನರ ವಲಸೆಯನ್ನು ಕುರಿತು ಬಾಳುದ್ದಕ್ಕೂ ವಿಚಾರಿಸಿದವರು ತಾವೇ ವಲಸೆಯ ಮನೆಯಲ್ಲಿ, ಪರದೇಶದ ನದಿಯ ಹೆಸರನ್ನು ಹೊತ್ತು ಹುಟ್ಟಿದ್ದು ವಿಶೇಷವೇ ಸರಿ. ಏಳು ವರ್ಷದ ಹುಡುಗಿಯನ್ನು ಓದಿಗಾಗಿ ಪುಣೆಯ ಹುಜೂರಪಾಗಾ ಕನ್ಯಾಶಾಲೆಗೆ ಕಳುಹಿದರು. ಅಲ್ಲಿ ರ್ಯಾಂಗ್ಲರ ಪರಾಂಜಪೆಯವರ ಮನೆಯು ಆಕೆಗೆ ಎರಡನೆಯ ತವರಾಯಿತು. ಪುಸ್ತಕಗಳಿಂದ ತುಂಬಿದ, ದೇವರ ಗೂಡಿಗಿಂತ ವಾದವಿವಾದಕ್ಕೆ ಹೆಚ್ಚು ಸ್ಥಳವಿದ್ದ ಮನೆ ಅದು. 1926ರಲ್ಲಿ ಫರ್ಗ್ಯುಸನ್ ಕಾಲೇಜಿನಿಂದ ತತ್ತ್ವಜ್ಞಾನದಲ್ಲಿ ಪದವಿ ಪಡೆದರು. ಮುಂಬಯಿಯಲ್ಲಿ ಪ್ರೊಫೆಸರ ಘುರ್ಯೆಯವರ ಕೈಕೆಳಗೆ ಸಮಾಜಶಾಸ್ತ್ರವನ್ನು ಅಭ್ಯಾಸ ಮಾಡಿ, ತಮ್ಮ ಸ್ವಂತ ಜಾತಿಯಾದ ಚಿತ್ಪಾವನರನ್ನೇ ವಿಷಯವಾಗಿಟ್ಟುಕೊಂಡು 1928ರಲ್ಲಿ ಎಂ. ಎ. ಪ್ರಬಂಧವನ್ನು ಬರೆದರು. ಪತಿಗಳಾದ ದಿನಕರ ಧೋಂಡೋ ಕರ್ವೆಯವರು ರಸಾಯನಶಾಸ್ತ್ರಜ್ಞರು. ಮಾವನವರು ಸ್ತ್ರೀಶಿಕ್ಷಣದ ಭೀಷ್ಮರಾದ ಮಹರ್ಷಿ ಧೋಂಡೋ ಕೇಶವ ಕರ್ವೆಯವರು.

ಇಲ್ಲೊಂದು ಸಂಗತಿಯನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ವಿಧವೆಯರಿಗೆ ಆಶ್ರಯ ಕೊಟ್ಟು, 1916ರಲ್ಲಿ ಮಹಿಳಾ ವಿದ್ಯಾಪೀಠವನ್ನು ಕಟ್ಟಿದ ಆ ಮಹರ್ಷಿಗಳೇ ಸೊಸೆಯು ಮೇಲಿನ ಓದಿಗಾಗಿ ಜರ್ಮನಿಗೆ ಹೋಗುವದನ್ನು ಒಪ್ಪಲಿಲ್ಲ. ದೊಡ್ಡವರ ಸುಧಾರಣೆಯೂ ತಮ್ಮ ಮನೆಯ ಹೊಸ್ತಿಲಿಗೆ ಬಂದಾಗ ಒಂದು ಗಳಿಗೆ ನಿಲ್ಲುವದುಂಟು. ಮುಂದೆ ಗುಜರಾತದ ಮೊದಲ ಮುಖ್ಯಮಂತ್ರಿಗಳಾದ ಡಾಕ್ಟರ ಜೀವರಾಜ ಮೆಹತಾ ಅವರು ಸಾಲ ಕೊಟ್ಟರು. ಪತಿಗಳು ಬೆನ್ನಿಗೆ ನಿಂತರು. ಇರಾವತೀಬಾಯಿಯವರು ಹಡಗು ಹತ್ತಿದರು.

ಬರ್ಲಿನ್ನಿನ ದಾಲೆಮ್ ಭಾಗದಲ್ಲಿ 1927ರಲ್ಲಿ ಕೈಸರ ವಿಲ್ಹೆಲ್ಮನ ಹೆಸರಿನ ಮಾನವಶಾಸ್ತ್ರ ಸಂಸ್ಥೆಯೊಂದು ಆರಂಭವಾಗಿತ್ತು. ಅದರ ಮುಖ್ಯಸ್ಥರು ಪ್ರೊಫೆಸರ ಯೂಗೇನ್ ಫಿಶರ್. ಈ ಫಿಶರರು ಯಾರೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನೈರುತ್ಯ ಆಫ್ರಿಕವು, ಎಂದರೆ ಇಂದಿನ ನಮೀಬಿಯವು, ಆಗ ಜರ್ಮನಿಯ ವಸಾಹತಾಗಿತ್ತು. 1904ರಿಂದ 1908ರ ವರೆಗೆ ಜರ್ಮನ್ ಸೈನ್ಯವು ಅಲ್ಲಿಯ ಹೆರೆರೊ ಮತ್ತು ನಾಮಾ ಜನರನ್ನು ಮರುಭೂಮಿಗೆ ಅಟ್ಟಿ, ಶಿಬಿರಗಳಲ್ಲಿ ಕೂಡಿ, ಸಾವಿರ ಸಾವಿರವಾಗಿ ಕೊಂದಿತು. ಸತ್ತವರ ತಲೆಬುರುಡೆಗಳು ಸಂಶೋಧನೆಗೆಂದು ಬರ್ಲಿನ್ನಿಗೆ ಸಾಗಿದವು. ಅದೇ 1908ರಲ್ಲಿ ಫಿಶರರು ಆ ವಸಾಹತಿಗೆ ಹೋಗಿ, ಯುರೋಪಿಯನ್ ತಂದೆ ಆಫ್ರಿಕನ್ ತಾಯಂದಿರ ಸಂತತಿಯವರಾದ ರೆಹೋಬೊತದ ಜನರನ್ನು ಅಳೆದು ಬಂದರು. 1913ರಲ್ಲಿ ಅವರು ಬರೆದ ಗ್ರಂಥವು ವರ್ಣಸಂಕರವೆಂಬ ಭೀತಿಗೆ ಶಾಸ್ತ್ರದ ಅಂಗಿಯನ್ನು ತೊಡಿಸಿತು. ಹಿಟ್ಲರನು ಅಧಿಕಾರಕ್ಕೆ ಬಂದ 1933ರಲ್ಲಿ ಇವರೇ ಬರ್ಲಿನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ಮುಂದಿನದು ಜಗತ್ತಿಗೇ ತಿಳಿದ ಕಥೆ.

ಇಂಥವರ ಕೈಕೆಳಗೆ ನಮ್ಮ ಇರಾವತೀಬಾಯಿಯವರು ಶಿಷ್ಯೆಯಾದರು. ಬಿಳಿಯರ ತಲೆಬುರುಡೆಯ ಎಡಬಲಗಳು ಸಮವಾಗಿರುವದಿಲ್ಲ, ಬಲಭಾಗದ ಮುಂದಲೆಯು ಹೆಚ್ಚು ಬೆಳೆದಿರುತ್ತದೆ, ಅದೇ ಅವರ ಹೆಚ್ಚಿನ ಬುದ್ಧಿಯ ಗುರುತು ಎಂಬುದು ಗುರುಗಳ ಊಹೆ. ಅದನ್ನು ಸಿದ್ಧಮಾಡಿ ಕೊಡುವ ಕೆಲಸವು ಈ ಕಪ್ಪು ನಾಡಿನ ತರುಣಿಯ ಪಾಲಿಗೆ ಬಂದಿತು. ಆಕೆ 149 ಬುರುಡೆಗಳನ್ನು ಮುಂದಿಟ್ಟುಕೊಂಡು ಅಳೆದರು. ಅವುಗಳಲ್ಲಿ ಯುರೋಪಿಯನ್ನರವೂ ಇದ್ದವು, ಜರ್ಮನಿಯು ಆಫ್ರಿಕದ ವಸಾಹತುಗಳಿಂದ ಹೊತ್ತು ತಂದವೂ ಇದ್ದವು. ಅಳತೆ ಮುಗಿದ ಮೇಲೆ ಕಂಡುದೇನು? ಬುರುಡೆಯ ಎಡಬಲಗಳ ಏರುಪೇರು ಮನುಷ್ಯಮಾತ್ರರಲ್ಲಿ ಸಹಜವಾದುದು. ಕುಲಕ್ಕೂ ಅದಕ್ಕೂ ಸಂಬಂಧವಿಲ್ಲ. ಹೀಗೆಯೇ ಬರೆದು ಆಕೆ ಪ್ರಬಂಧವನ್ನು ಒಪ್ಪಿಸಿದರು. ಅದು 1931ರಲ್ಲಿ ಜರ್ಮನ್ ಭಾಷೆಯಲ್ಲಿ ಅಚ್ಚಾಯಿತು.

ಇದನ್ನು ಇಂದು ಓದುವವರಿಗೆ ಸಣ್ಣ ಮಾತೆಂದು ತೋರಬಹುದು. ಪರದೇಶ, ಸಾಲದ ಹಣ, ಪದವಿಯ ಕೀಲಿಕೈ ಗುರುವಿನ ಸೊಂಟದಲ್ಲಿ. ಗುರುವಿಗೆ ಬೇಕಾದ ಉತ್ತರವೂ ಮೊದಲೇ ಗೊತ್ತು. ಅಂಥ ಸ್ಥಿತಿಯಲ್ಲಿ ಲೆಕ್ಕವು ಹೇಳಿದುದನ್ನೇ ಹೇಳುವದು ಸುಲಭವಲ್ಲ. ಆಕೆಯು ವಾದಿಸಲಿಲ್ಲ, ಭಾಷಣ ಮಾಡಲಿಲ್ಲ. ಅಂಕಿಗಳನ್ನು ಮಾತ್ರ ಇಟ್ಟು ಸುಮ್ಮನಾದರು. ನಮ್ಮ ಸೀಮೆಗೂ ತಲೆಬುರುಡೆಯ ನೆನಪು ಹೊಸದಲ್ಲ. 1791-92ರ ಘೋರ ಕ್ಷಾಮಕ್ಕೆ ತಲೆಬುರುಡೆಯ ಬರವೆಂದೇ ಹೆಸರಾಯಿತು. ಹುಗಿಯುವವರಿಲ್ಲದೆ ಬಯಲಲ್ಲಿ ಬಿದ್ದ ಬುರುಡೆಗಳಲ್ಲಿ ಯಾವುದು ಯಾವ ಜಾತಿಯದೆಂದು ಆಗ ಯಾರೂ ಅಳೆದಿರಲಿಕ್ಕಿಲ್ಲ.

ಸ್ವದೇಶಕ್ಕೆ ಮರಳಿದ ಮೇಲೆ ಕೆಲವು ವರ್ಷ ಮಾವನವರ ಮಹಿಳಾ ವಿದ್ಯಾಪೀಠದ ರಜಿಸ್ಟ್ರಾರರಾಗಿ ಕೆಲಸ ಮಾಡಿದರು. ಕಚೇರಿಯ ಕಾಗದಗಳಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆದಾಗ ಅಲ್ಲಿ ಸಮಾಜಶಾಸ್ತ್ರದ ರೀಡರರಾಗಿ ಸೇರಿದರು. ಕಡೆಯವರೆಗೂ ಅದೇ ಅವರ ಕರ್ಮಭೂಮಿ. ಪ್ರಾಚ್ಯವಸ್ತು ಶೋಧಕರಾದ ಸಾಂಕಳಿಯಾ ಅವರ ಜೊತೆಗೆ ಗುಜರಾತದ ಲಾಂಘಣಜದಲ್ಲಿ ನೆಲ ಅಗೆದು ಆದಿಮಾನವರ ಅಸ್ಥಿಗಳನ್ನು ಪರೀಕ್ಷಿಸಿದರು. 1947ರಲ್ಲಿ ದಿಲ್ಲಿಯಲ್ಲಿ ನೆರೆದ ವಿಜ್ಞಾನ ಕಾಂಗ್ರೆಸ್ಸಿನ ಮಾನವಶಾಸ್ತ್ರ ವಿಭಾಗಕ್ಕೆ ಅಧ್ಯಕ್ಷರಾದರು. ಪುಣೆಯ ಬೀದಿಗಳಲ್ಲಿ ಸ್ಕೂಟರ ನಡೆಸಿದ ಮೊದಲ ಹೆಂಗಸೆಂದು ಊರವರು ಅವರನ್ನು ಬೆರಗಿನಿಂದ ನೋಡುತ್ತಿದ್ದರಂತೆ. ಕುಂಕುಮ, ಮಂಗಳಸೂತ್ರಗಳ ಗೊಡವೆ ಅವರಿಗಿರಲಿಲ್ಲ. ಆದರೂ ತಮ್ಮನ್ನು ತಾವು ನೋಡಿ ನಗುವ ಶಕ್ತಿ ಅವರಿಗಿದ್ದಿತು. ಸಭೆಯೊಂದರಲ್ಲಿ ಅವರನ್ನು ಮಹರ್ಷಿಗಳ ಸೊಸೆಯೆಂದೂ ಪ್ರಿನ್ಸಿಪಾಲರ ಹೆಂಡತಿಯೆಂದೂ ಪರಿಚಯಿಸಿದರು. ಇಷ್ಟಾದರೂ ಏನೋ ಕೊರತೆಯುಳಿಯಿತೆಂದು ಅವರಿಗೆ ಅನಿಸಿತು. ಮನೆಗೆ ಮರಳುವಾಗ ಹಾದಿಯಲ್ಲಿ ಹುಡುಗನೊಬ್ಬನು ಗೆಳೆಯರಿಗೆ, ತಮ್ಮ ವರ್ಗದ ಕರ್ವೆಯ ತಾಯಿ ಇವರೇ ಎಂದು ತೋರಿಸಿದುದನ್ನು ಕೇಳಿದಾಗ ಪರಿಚಯವು ಪೂರ್ತಿಯಾಯಿತು. 1949ರಲ್ಲಿ ಬಂದ ಅವರ ಲಲಿತಪ್ರಬಂಧಗಳ ಸಂಗ್ರಹಕ್ಕೆ ಈ ಪ್ರಸಂಗದಿಂದಲೇ ಪರಿಪೂರ್ತಿ ಎಂಬ ಹೆಸರಾಯಿತು. ಮನುಷ್ಯನ ಗುರುತು ಅವನ ಮೂಗಿನಲ್ಲಿಲ್ಲ, ಅವನನ್ನು ಯಾರು ಏನೆಂದು ಕರೆಯುವರೆಂಬುದರಲ್ಲಿದೆ ಎಂಬ ವಿಚಾರವು ಆ ನಗೆಯೊಳಗೆ ಅಡಗಿದೆಯೆಂದು ನಮಗೆ ತೋರುತ್ತದೆ. ಅವರ ಮಹಾಗ್ರಂಥದ ಬೀಜವೂ ಅದೇ.

ಆ ಗ್ರಂಥವೇ ಭಾರತದ ಬಂಧುವ್ಯವಸ್ಥೆಯನ್ನು ಕುರಿತು 1953ರಲ್ಲಿ ಇಂಗ್ಲೀಷಿನಲ್ಲಿ ಪ್ರಕಟವಾದುದು. ಭಾರತದ ಯಾವ ವಿಷಯವನ್ನು ತಿಳಿಯಬೇಕಾದರೂ ಭಾಷೆಯ ಸೀಮೆ, ಜಾತಿ, ಕುಟುಂಬ ಈ ಮೂರನ್ನು ಮೊದಲು ಅರಿಯಬೇಕೆಂಬುದು ಅವರ ನಿಲುವು. ದೇಶವನ್ನೆಲ್ಲ ತಿರುಗಿ, ಜನರ ಬಾಯಿಂದ ಬಂಧುವಾಚಕಗಳನ್ನು ಬರೆದುಕೊಂಡು, ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯಗಳನ್ನು ಅವರು ಗುರುತಿಸಿದರು. ಕರ್ನಾಟಕವನ್ನು ದಕ್ಷಿಣ ವಲಯದಲ್ಲಿಯೂ ಮಹಾರಾಷ್ಟ್ರವನ್ನು ಮಧ್ಯವಲಯದಲ್ಲಿಯೂ ಇಟ್ಟರು. ಉತ್ತರದಲ್ಲಿ ಹೆಣ್ಣನ್ನು ಪರಊರಿಗೆ, ಪರರ ಮನೆಗೆ ಕೊಡುವದೇ ಧರ್ಮ. ಮದುವೆಯು ಅಲ್ಲಿ ಹೊಸ ಸಂಬಂಧವನ್ನು ಕಟ್ಟುತ್ತದೆ. ದಕ್ಷಿಣದಲ್ಲಿ ಇದ್ದ ಸಂಬಂಧವನ್ನೇ ಮದುವೆಯು ಗಟ್ಟಿಮಾಡುತ್ತದೆ. ಸೋದರಮಾವನಿಗೆ ಅಕ್ಕನ ಮಗಳು, ಅತ್ತೆಯ ಮಗನಿಗೆ ಮಾವನ ಮಗಳು. ಆದುದರಿಂದಲೇ ತಂದೆಯ ಅಕ್ಕತಂಗಿಯರೂ ಅತ್ತೆ, ಗಂಡನ ತಾಯಿಯೂ ಅತ್ತೆ. ತಾಯಿಯ ಅಣ್ಣತಮ್ಮಂದಿರೂ ಮಾವ, ಹೆಂಡತಿಯ ತಂದೆಯೂ ಮಾವ. ಹಿಂದೀ ಸೀಮೆಯವರಿಗೆ ಇವಕ್ಕೆಲ್ಲ ಬೇರೆ ಬೇರೆ ಶಬ್ದಗಳಿವೆ. ದಕ್ಷಿಣದವರು ತಲೆಮಾರನ್ನು ನೋಡುವದಕ್ಕಿಂತ ತನಗಿಂತ ಹಿರಿಯರೋ ಕಿರಿಯರೋ ಎಂಬುದನ್ನು ಹೆಚ್ಚಾಗಿ ನೋಡುವರೆಂದು ಅವರು ತೋರಿಸಿದುದು ಬಹು ಸೂಕ್ಷ್ಮವಾದ ಮಾತು. ಅಣ್ಣ ತಮ್ಮ, ಅಕ್ಕ ತಂಗಿ ಎಂದು ನಾವು ಒಂದೇ ಉಸುರಿನಲ್ಲಿ ಹೇಳುತ್ತೇವೆ; ಹಿರಿತನ ಕಿರಿತನವಿಲ್ಲದೆ ಒಡಹುಟ್ಟಿದವರನ್ನು ಕರೆಯುವ ಒಂದು ಸಾದಾ ಶಬ್ದಕ್ಕಾಗಿ ನಮ್ಮ ದಿನದ ಮಾತಿನಲ್ಲಿ ಹುಡುಕಾಡಬೇಕಾಗುವದು.

ಈ ಅಳತೆಗೋಲನ್ನು ಹಿಡಿದುಕೊಂಡು ವಾಚಕರು ವಿಜಯಪುರದ ಯಾವದಾದರೂ ಓಣಿಗೆ, ಇಲ್ಲವೆ ಬಬಲೇಶ್ವರದ ಒಂದು ಮನೆಗೆ ಹೋಗಿ ನೋಡಲಿ. ತಂದೆಯ ತಮ್ಮನನ್ನು ಕಾಕಾ ಎಂದು ಕರೆಯುವರು, ಅಣ್ಣನ ಹೆಂಡತಿಯನ್ನು ವೈನಿ ಎನ್ನುವರು. ಇವೆರಡೂ ಮರಾಠಿಯಿಂದ ಬಂದವು. ಆದಿಲಶಾಹಿಯಲ್ಲಿ ಮೊದಲನೆಯ ಇಬ್ರಾಹಿಮನು ಲೆಕ್ಕಪತ್ರಗಳಿಗೆ ಪಾರ್ಸಿಯ ಬದಲು ಮರಾಠಿಯನ್ನು ತಂದಂದಿನಿಂದ ಮುಂಬಯಿ ಇಲಾಖೆಯ ಕಚೇರಿಗಳವರೆಗೆ ಆ ಭಾಷೆಯು ಮೇಲಿನಿಂದ ಇಳಿದು ಅಡಿಗೆಮನೆಯವರೆಗೆ ನಡೆದುಬಂದಿದೆ. ಆದರೆ ಅದೇ ಮನೆಯಲ್ಲಿ ಹೆಣ್ಣು ನೋಡುವ ಮಾತು ಬಂದೊಡನೆ ಮೊದಲು ಕೇಳುವದು ಅಕ್ಕನ ಮನೆಯನ್ನು, ಸೋದರಮಾವನ ಮನೆಯನ್ನು. ಶಬ್ದವು ಗಡಿಯನ್ನು ದಾಟಿ ಬಂದಿದೆ, ಕಟ್ಟಳೆಯು ಹಿಂದಿನದೇ ಉಳಿದಿದೆ. ಮಹಾರಾಷ್ಟ್ರದ ಅನೇಕ ಜಾತಿಗಳಲ್ಲಿ ಮಾವನ ಮಗಳನ್ನು ತರುವ ರೂಢಿಯುಂಟು, ಅತ್ತೆಯ ಮಗಳನ್ನು ತರುವದು ಸಲ್ಲದು. ಉತ್ತರದ ನಿಷೇಧವೂ ದಕ್ಷಿಣದ ಒಲವೂ ಅಲ್ಲಿ ಕೈಕೂಡಿವೆಯೆಂದು ಇರಾವತೀಬಾಯಿಯವರು ಕಂಡರು. ಮಹಾರಾಷ್ಟ್ರವು ಎರಡು ಸಂಸ್ಕೃತಿಗಳ ಸಂಧಿಭೂಮಿಯೆಂದು ಒಪ್ಪಿದರು. ಮರಾಠಿ ನೆಲದ ಕೆಳಗೆ ಕನ್ನಡದ ಪದರವಿದೆಯೆಂದು ಜೀವಮಾನವಿಡೀ ಸಾಧಿಸಿದ ನಮ್ಮ ಶಂ. ಬಾ. ಜೋಶಿಯವರ ಹಾದಿ ಬೇರೆಯಾಗಿತ್ತು. ಅವರು ಊರ ಹೆಸರುಗಳನ್ನೂ ಶಬ್ದಗಳನ್ನೂ ಹಿಡಿದು ಹೊರಟವರು, ಈಕೆ ಮದುವೆಯ ಕಟ್ಟಳೆಯನ್ನು ಹಿಡಿದು ಹೊರಟವರು. ಇಬ್ಬರೂ ಬಂದು ನಿಂತ ಬಯಲು ಮಾತ್ರ ಹತ್ತಿರದ್ದೇ.

ಜಾತಿಯ ವಿಷಯದಲ್ಲಿ ಅವರು ಗುರುಗಳಾದ ಘುರ್ಯೆಯವರನ್ನೂ ಬಿಡಲಿಲ್ಲ. ಒಂದೇ ಸಮಾಜವು ಕಸಬಿನಿಂದ ಒಡೆದು ಜಾತಿಗಳಾಯಿತೆಂಬ ಮಾತನ್ನು ಅವರು ಒಪ್ಪಲಿಲ್ಲ. ಬೇರೆ ಬೇರೆ ಕಡೆಯಿಂದ ಬಂದ, ಬೇರೆ ಬೇರೆ ಬಳಗಗಳ ಜನರು ಒಂದೊಂದು ಊರಿನಲ್ಲಿ ಅಕ್ಕಪಕ್ಕಕ್ಕೆ ನೆಲೆನಿಂತು, ಒಂದೇ ಕಸಬನ್ನು ಹಿಡಿದರೂ ಹೆಣ್ಣು ಕೊಡದೆ ತರದೆ ಉಳಿದರು. ಜಾತಿಯೆಂದರೆ ಹಿಗ್ಗಿದ ಬಂಧುವರ್ಗ ಎಂಬುದು ಅವರ ಸಿದ್ಧಾಂತ. ಮಹಾರಾಷ್ಟ್ರದ ಕುಂಬಾರರೇ ಅವರಿಗೆ ಉದಾಹರಣೆ. ದೊಡ್ಡ ತಿಗರಿಯವರು ಬೇರೆ, ಸಣ್ಣ ತಿಗರಿಯವರು ಬೇರೆ. ಮಡಕೆ ಒಂದೇ, ಬೀಗತನವಿಲ್ಲ. 1961ರಲ್ಲಿ ಹಿಂದೂ ಸಮಾಜವನ್ನು ಕುರಿತ ಗ್ರಂಥದಲ್ಲಿ ಇದನ್ನು ವಿಸ್ತರಿಸಿದರು. ಆಂಗ್ಲರು ಜಾತಿಯನ್ನು ಏಣಿಯ ಮೆಟ್ಟಿಲುಗಳಂತೆ ಕಂಡು ಒಂದರ ಮೇಲೊಂದನ್ನು ಜೋಡಿಸಿದ್ದರು. ಈಕೆ ಅದನ್ನು ವಲಸೆಯ ಚರಿತ್ರೆಯಾಗಿ ಓದಿದರು. ವಿಜಯಪುರವನ್ನು ಬಲ್ಲವರಿಗೆ ಈ ಓದು ಕೂಡಲೇ ಹಿಡಿಸುವದು. 1490ರ ಹೊತ್ತಿಗೆ ಕಟ್ಟಿ 1686ರಲ್ಲಿ ಮುಳುಗಿದ ಆದಿಲಶಾಹಿಗೆ ಇರಾಣದವರು ಬಂದರು, ತುರ್ಕರು ಬಂದರು, ಹಬಶಿಗಳು ಬಂದರು; ದಂಡಿನ ಹಿಂದೆ ಧಾನ್ಯ ಹೇರಿಕೊಂಡು ಲಂಬಾಣಿಗರು ಬಂದರು; 1885ರಲ್ಲಿ ಕಲಾದಗಿಯಿಂದ ಜಿಲ್ಲೆಯ ಮುಖ್ಯ ಠಾಣೆಯು ಇಲ್ಲಿಗೆ ಬಂದಾಗ ಕಾರಕೂನರೂ ವಕೀಲರೂ ಬಂದರು. ಇವರಲ್ಲಿ ಯಾರು ಮೂಲದವರೆಂದು ಕೇಳುವದಕ್ಕಿಂತ, ಯಾರು ಯಾರೊಡನೆ ಹೇಗೆ ಬಾಳಿದರೆಂದು ಕೇಳುವದು ಫಲದಾಯಕ.

ಇನ್ನು ನಮ್ಮ ಜಗಳಕ್ಕೆ ಬರೋಣ.

ಇರಾವತೀಬಾಯಿಯವರು ಒಮ್ಮೆ ವಾರಕರಿಗಳ ಜೊತೆಗೆ ಕಾಲ್ನಡಿಗೆಯಲ್ಲಿ ಪಂಢರಪುರದ ಯಾತ್ರೆ ಮಾಡಿದರು. ಆ ಅನುಭವವನ್ನು ಕುರಿತು ಅವರು ಬರೆದ ಪ್ರಬಂಧವು ಇಂಗ್ಲೀಷಿಗೂ ಅನುವಾದವಾಗಿ 1962ರಲ್ಲಿ ಅಮೇರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ದೇವರನ್ನು ನಂಬದ ಶೋಧಕಿಯು ಅಭಂಗಗಳ ನಾದಕ್ಕೆ ಮನಸೋತುದನ್ನು ಅದರಲ್ಲಿ ಕಾಣಬಹುದು. ಒಂದೇ ದಿಂಡಿಯಲ್ಲಿ ಒಂದೇ ದೇವರನ್ನು ಹಾಡುತ್ತ ನಡೆದ ಬ್ರಾಹ್ಮಣರೂ ಮರಾಠರೂ ಬೇರೆ ಬೇರೆ ಒಲೆ ಹೂಡುವದನ್ನು ಕಂಡು ಅವರು ನೊಂದರು. ಒಂದು ಕಡೆಗೆ ಉಂಡೆದ್ದು ಇನ್ನೊಂದು ಕಡೆಗೂ ಹೋಗಿ ಉಂಡರು. ಅಸ್ಪೃಶ್ಯರಿಗೆ ಪಂಢರಪುರದ ಗುಡಿಯ ಬಾಗಿಲು ತೆರೆದುದೇ 1947ರಲ್ಲಿ, ಅದೂ ಸಾನೆ ಗುರುಜಿಯವರು ಉಪವಾಸ ಕೈಕೊಂಡ ಮೇಲೆ, ಎಂಬುದನ್ನು ನೆನೆದರೆ ಆ ನೋವಿನ ಆಳವು ತಿಳಿಯುವದು. ಇಷ್ಟೆಲ್ಲ ಸರಿ. ಆದರೆ ಅದೇ ಪ್ರಬಂಧದಲ್ಲಿ ಅವರು ಮಹಾರಾಷ್ಟ್ರಕ್ಕೆ ಹೊಸ ಲಕ್ಷಣವೊಂದನ್ನು ಹೇಳಿದರು. ಯಾವ ನಾಡಿನ ಜನರು ಪಂಢರಪುರದ ಯಾತ್ರೆಗೆ ಹೋಗುವರೋ ಆ ನಾಡೇ ಮಹಾರಾಷ್ಟ್ರವೆಂಬುದು ಅದರ ತಾತ್ಪರ್ಯ.

ಈ ಲಕ್ಷಣವನ್ನು ನಾವು ಒಪ್ಪುವ ಹಾಗಿಲ್ಲ. ಆಷಾಢ ಬಂದಿತೆಂದರೆ ವಿಜಯಪುರದಿಂದಲೂ ದಿಂಡಿಗಳು ಹೊರಡುವವು. ತಿಕೋಟಾ, ಬಬಲೇಶ್ವರಗಳ ಕಡೆಯ ಹಳ್ಳಿಗಳವರೂ ತಾಳ ಹಿಡಿದು ಚಂದ್ರಭಾಗೆಗೆ ನಡೆಯುವರು. ಅವರು ದಾರಿಯುದ್ದಕ್ಕೂ ಮರಾಠಿ ಅಭಂಗಗಳನ್ನು ಹಾಡುವರು, ವಿಶ್ರಾಂತಿಗೆ ಕುಳಿತಾಗ ಕನ್ನಡದಲ್ಲಿ ಮಳೆಯ ಮಾತಾಡುವರು. ಯಾತ್ರೆ ಮುಗಿಸಿ ಬಂದವರು ಮಹಾರಾಷ್ಟ್ರೀಯರಾಗಿ ಬರುವದಿಲ್ಲ. ಅಷ್ಟೇ ಅಲ್ಲ, ಆ ವಿಠ್ಠಲನ ಗುರುತು ಏನು? 1237ರಲ್ಲಿ ಹೊಯ್ಸಳ ಸೋಮೇಶ್ವರನು ಆ ದೇವರಿಗೆ ದತ್ತಿ ಬಿಟ್ಟ ಶಾಸನವು ಪಂಢರಪುರದಲ್ಲಿಯೇ ಇದೆ. ಜ್ಞಾನೇಶ್ವರರ ಹೆಸರಿನ ಅಭಂಗವೊಂದು ವಿಠ್ಠಲನನ್ನು ಕನ್ನಡಿಗನೆಂದೇ ಕರೆದಿದೆ. ಪುರಂದರದಾಸರ ಅಂಕಿತದಲ್ಲಿ ವಿಠ್ಠಲನಿಲ್ಲದೆ ಕೀರ್ತನೆಯು ಮುಗಿಯುವದಿಲ್ಲ. ಈ ಪುರಾವೆಗಳನ್ನು ಮುಂದಿಟ್ಟು ನಾವೂ ಪಂಢರಪುರವು ನಮ್ಮದೆಂದು ವಾದ ಹೂಡಬಹುದಿತ್ತು, ಹೂಡಿದವರೂ ಇದ್ದಾರೆ. ಆದರೆ ಅಂಥ ವಾದದಿಂದ ಅವರ ತಪ್ಪನ್ನೇ ನಾವು ತಿರುಗಿಸಿ ಮಾಡಿದಂತಾಗುವದು. ದೇವರ ಹಾದಿಯು ಕೂಡುಹಾದಿ, ಅದನ್ನು ಗಡಿಯ ಗೆರೆಯಾಗಿ ಎಳೆಯಲು ಬರುವದಿಲ್ಲ.

ನ್ಯಾಯವಾಗಿ ಹೇಳುವದಾದರೆ ಇರಾವತೀಬಾಯಿಯವರು ಆ ಲಕ್ಷಣವನ್ನು ಬರೆದುದು ಭಕ್ತಿಯ ಉಕ್ಕಿನಲ್ಲಿ. ಸರಕಾರಕ್ಕೆ ಕೊಟ್ಟ ಅರ್ಜಿಯಲ್ಲ ಅದು. ಆದರೆ ಕಾಲವು ಎಂಥದಿದ್ದಿತು? 1956ರ ನವೆಂಬರ 1ರಂದು ವಿಜಾಪುರ ಜಿಲ್ಲೆಯು ಮುಂಬಯಿಯನ್ನು ಬಿಟ್ಟು ಕನ್ನಡ ರಾಜ್ಯಕ್ಕೆ ಸೇರಿತು. 1966ರಲ್ಲಿ ಮಹಾಜನ ಆಯೋಗವು ನೇಮಕವಾಗಿ ಮರುವರ್ಷ ವರದಿ ಕೊಟ್ಟಿತು. ಊರು ಊರಿನ ಜನಗಣತಿಯ ಅಂಕಿಗಳನ್ನು ಹಿಡಿದು ಎರಡೂ ಕಡೆಯವರು ಬಡಿದಾಡಿದ ದಿನಗಳವು. ಅಂಥ ಹೊತ್ತಿನಲ್ಲಿ ವಿದ್ವಾಂಸರ ಒಂದು ರಸವತ್ತಾದ ಮಾತು ಇನ್ನೊಬ್ಬರ ಕೈಯಲ್ಲಿ ಕೊಡಲಿಯಾಗಬಲ್ಲದು. ಜತ್ತದ ಕನ್ನಡ ಮಕ್ಕಳಿಗೆ ಯಾವ ಶಾಲೆ, ತುಬಚಿ-ಬಬಲೇಶ್ವರ ಏತ ನೀರಾವರಿಯ ಕಾಲುವೆಗಳಿಂದ ಗಡಿಯಾಚೆಯ ಬಾಯಾರಿದ ಹೊಲಗಳಿಗೆ ನೀರು ಬಿಡಬೇಕೋ ಬೇಡವೋ ಎಂಬ ಪ್ರಶ್ನೆಗಳನ್ನು ಯಾತ್ರೆಯ ಲಕ್ಷಣವಾಗಲಿ, ಮೂಗಿನ ಅಳತೆಯಾಗಲಿ ಬಿಡಿಸಲಾರದು.

ಅಳತೆಯ ಮಾತು ಬಂದಿತು. ಬರ್ಲಿನ್ನಿನಲ್ಲಿ ಗುರುವಿನ ಊಹೆಯನ್ನು ಮುರಿದವರು ಗುರುವಿನ ಕೈವಾರವನ್ನು ಮಾತ್ರ ಕೆಳಗಿಡಲಿಲ್ಲ. ಮಹಾರಾಷ್ಟ್ರದ ಜಾತಿಗಳನ್ನು ಅವರು ಅಳೆದರು. 1954ರಲ್ಲಿ ಕರ್ನಾಟಕ ಮತ್ತು ಒರಿಸ್ಸಾ ಸೀಮೆಗಳ ಜನರ ದೇಹದ ಅಳತೆಗಳನ್ನು ಹೋಲಿಸಿ ಲೇಖನವನ್ನು ಪ್ರಕಟಿಸಿದರು. ಮುಂದೆ ರಕ್ತಪರೀಕ್ಷೆಗಳನ್ನೂ ನಡೆಸಿದರು. ಮೇಲುಕೀಳನ್ನು ಸ್ಥಾಪಿಸುವದು ಅವರ ಉದ್ದೇಶವಾಗಿರಲಿಲ್ಲ, ಬದಲಾಗಿ ಒಂದೇ ಹೆಸರಿನ ಜಾತಿಗಳು ಬೇರೆ ಬೇರೆ ಮೂಲದವೆಂದು ತೋರಿಸುವದಾಗಿತ್ತು. ಆದರೂ ವಸಾಹತುಶಾಹಿಯು ಬಿಟ್ಟುಹೋದ ಆಯುಧವನ್ನು ಒಳ್ಳೆಯ ಕೆಲಸಕ್ಕೆ ಹಚ್ಚುತ್ತೇವೆಂದು ಹೊರಟವರ ಕೈಗೆ ಅದರ ಕಿಲುಬು ಅಂಟದೆ ಇರದು. ಇನ್ನೊಂದು ಕೊರತೆಯೂ ನಮ್ಮ ಊರಿನವರ ಕಣ್ಣಿಗೆ ಬೀಳುವದು. ಅವರ ಬರಹವು ಬಹುಮಟ್ಟಿಗೆ ಹಿಂದೂ ಸಮಾಜದ ಸುತ್ತಲೇ ತಿರುಗಿತು. ಮನೆಯಲ್ಲಿ ದಖನಿ, ಪೇಟೆಯಲ್ಲಿ ಕನ್ನಡ, ನಮಾಜಿನಲ್ಲಿ ಅರಬೀ ಆಡುವ ವಿಜಯಪುರದ ಮುಸಲ್ಮಾನನು ಆ ನಾಲ್ಕು ವಲಯಗಳ ನಕಾಶೆಯಲ್ಲಿ ಎಲ್ಲಿ ನಿಲ್ಲಬೇಕು? ಗೋಳಗುಮ್ಮಟದ ನೆರಳಿನಲ್ಲಿ ಬಾಳುವವರು ಈ ಪ್ರಶ್ನೆಯನ್ನು ಕೇಳದೆ ಇರಲಾರರು.

ತೊರವಿಯ ಹತ್ತಿರ, ತಿಕೋಟಾಕ್ಕೆ ಹೋಗುವ ಹಾದಿಯಲ್ಲಿ, 2003ರಲ್ಲಿ ಸ್ಥಾಪನೆಯಾದ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವು ನಿಂತಿದೆ. ಸುತ್ತಲಿನ ಹಳ್ಳಿ ತಾಂಡಾಗಳಿಂದ ಬಂದ ಹೆಣ್ಣುಮಕ್ಕಳು ಅಲ್ಲಿ ಓದುತ್ತಿದ್ದಾರೆ. ಗುಳೆ ಹೋದವರ ಮನೆಯ ಮಕ್ಕಳೇ ಗುಳೆಯ ಚರಿತ್ರೆಯನ್ನು ಬರೆದರೆ, ಕಾಕಾ ವೈನಿಗಳ ಜೊತೆಗೆ ದಖನಿಯ ಖಾಲಾ ಫುಪ್ಪಿಗಳನ್ನೂ ಲಂಬಾಣಿ ಮಾತಿನ ಬಂಧುವಾಚಕಗಳನ್ನೂ ಓಣಿ ಓಣಿಯಿಂದ ಕೂಡಿಸಿದರೆ, ಇರಾವತೀಬಾಯಿಯವರು ಬಿಟ್ಟ ಜಾಗವು ತುಂಬುವದು. ಅದಕ್ಕೆ ಕೈವಾರ ಬೇಡ. ಒಂದು ವಹಿ, ಒಂದು ಸೀಸದಕಡ್ಡಿ, ಕೇಳುವ ಕಿವಿ ಸಾಕು. ಸಂಬಂಧಪಟ್ಟವರು ಇದನ್ನು ಮನಸ್ಸಿಗೆ ತೆಗೆದುಕೊಳ್ಳುವರೆಂದು ನಂಬಿದ್ದೇವೆ.

ಮಹಾಭಾರತದ ಪಾತ್ರಗಳನ್ನು ದೇವರ ಪೀಠದಿಂದ ಇಳಿಸಿ ಮನುಷ್ಯರಾಗಿ ನೋಡಿದ ಅವರ ಯುಗಾಂತ ಗ್ರಂಥವು 1967ರಲ್ಲಿ ಬಂದಿತು. ಮರುವರ್ಷ ಸಾಹಿತ್ಯ ಅಕಾಡೆಮಿಯ ಪುರಸ್ಕಾರವು ಅದಕ್ಕೆ ದೊರೆಯಿತು. ಸಾಮಾನ್ಯ ವಾಚಕರಲ್ಲಿ ಅವರ ಹೆಸರು ಉಳಿದುದು ಆ ಪುಸ್ತಕದಿಂದಲೇ. ಆದರೆ ನಮ್ಮ ಜಿಲ್ಲೆಯವರಿಗೆ ಹೆಚ್ಚು ಹತ್ತಿರದ್ದು ಅವರ ಕಡೆಗಾಲದ, ಯಾರೂ ಅಷ್ಟಾಗಿ ಓದದ ಒಂದು ವರದಿ. ಕೊಯ್ನಾ ನದಿಗೆ ಕಟ್ಟಿದ ಆಣೆಕಟ್ಟಿನಿಂದ ಮನೆಮಠ ಕಳೆದುಕೊಂಡವರು ಎಲ್ಲಿಗೆ ಹೋದರು, ಹೇಗೆ ಬಾಳುತ್ತಿರುವರೆಂಬುದನ್ನು ಮಗಳಾದ ಜಾಯಿ ನಿಂಬಕರರ ಜೊತೆಗೆ ವಿಚಾರಿಸಿ 1969ರಲ್ಲಿ ಆ ವರದಿಯನ್ನು ಪ್ರಕಟಿಸಿದರು. ದೇಶದ ಹಿತಕ್ಕಾಗಿ ಮುಳುಗಿದವರ ಲೆಕ್ಕವನ್ನು ಕಾಲೇಜಿನವರು ಕೇಳಹೋದುದು ಆ ದಿನಗಳಲ್ಲಿ ಅಪರೂಪ. ಮರುವರ್ಷ, 1970ರ ಆಗಸ್ಟ 11ರಂದು, ಇರಾವತೀಬಾಯಿಯವರು ಪುಣೆಯಲ್ಲಿ ತೀರಿಕೊಂಡರು. ಕೊಯ್ನೆಯು ಕರಾಡದಲ್ಲಿ ಕೃಷ್ಣೆಯನ್ನು ಕೂಡುವದು. ಆ ಕೃಷ್ಣೆಗೆ ನಮ್ಮ ಜಿಲ್ಲೆಯ ಆಲಮಟ್ಟಿಯಲ್ಲಿ 1964ರಲ್ಲಿಯೇ ಆಣೆಕಟ್ಟಿನ ಅಡಿಗಲ್ಲು ಬಿದ್ದಿತ್ತು. ಮುಂದೆ ಬಾಗಲಕೋಟೆಯ ಹಳೆಯ ಪೇಟೆಯ ಬಹುಭಾಗವೂ ಎಷ್ಟೋ ಹಳ್ಳಿಗಳೂ ಅದರ ಹಿನ್ನೀರಿಗೆ ಹೋದವು.